ಕಿವಿಗೆ ಸ್ಕ್ರೂಡ್ರೈವರ್

ಮೊದಲು ಸದ್ದಿಗೊಂದು ಹೆಸರು ಬೇಕು.
ಹೆಡ್‌ಫೋನಿನೊಳಗಿಂದ ರೀಸ್ ಕೇಳುತ್ತಾನೆ:
ಕ್ರ್ಯಾಕಲ್ಲೋ ಪಾಪೋ, ಎರಡರಲ್ಲಿ ಯಾವುದು, ಸಿಡ್?
ಅವನ ಬಾಯಲ್ಲಿ ಸಿದ್ದವ್ವ ಸಿಡ್ ಆಗಿ ಮೂರು ವರ್ಷ.

ಎರಡೇ ಇದ್ದಿದ್ದರೆ ಹೇಳುತ್ತಿದ್ದೆನಲ್ಲ ಹುಡುಗಾ.
ಇದು ಎಣ್ಣೆಗೆ ಬಿದ್ದ ಸಾಸಿವೆಯ ಚಿಟಿಚಿಟಿಯಲ್ಲ,
ಹಸಿ ಕಟ್ಟಿಗೆಯ ಚಟಚಟವಲ್ಲ,
ಜೋಳ ಅರಳಾಗುವ ಪಟಪಟವೂ ಅಲ್ಲ.
ಪಾಳಿ ಮುಗಿಸಿ ಬಂದ ಬಸ್ಸಿನ ಎಂಜಿನ್ನು
ಆರುತ್ತಾ ಆರುತ್ತಾ ಟಿಕ್ ಟಿಕ್ ಅನ್ನುತ್ತದಲ್ಲ,
ಅದಕ್ಕೆ ಹತ್ತಿರ.
ನಡುನಡುವೆ
ಯಾರೋ ಕಿವಿಯೊಳಗೇ ಕೂತು
ಲಟಿಕೆ ಮುರಿದ ಹಾಗೆ: ಲಟ್.

ಪಾಪ್ ಅಂತ ಬರ್ಕೋ, ಅಂದೆ.

ಹಲ್ ಶಹರದ ಮೇಲೆ ಹಂಬರ್ ನದಿಯ ಗಾಳಿ.
ಹೆಸಲ್ ರೋಡಿನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ
ನಾನು ಹಿಮದ ಕಾಡೊಳಗಿದ್ದೇನೆ, ಕೈಯಲ್ಲಿ ಮೂರೇ ಬಾಣ.
ತೋಳ ಬೆನ್ನ ಹಿಂದಿನಿಂದಲೇ ಬರುತ್ತದೆ.
ಹೆಜ್ಜೆ ಕೇಳಿಸಿಕೊಂಡವಳು ಬದುಕುತ್ತಾಳೆ,
ಆಟ ಅಷ್ಟೇ.
ಟಿಕ್. ಟಿಕ್. ಲಟ್.
ಸತ್ತೆ, ಈ ವಾರ ಹದಿನೇಳನೇ ಸಲ.
ಸದ್ದು ಕೆಟ್ಟಿದೆ ಕಣೋ, ಕೇಳಿಸಲಿಲ್ಲ, ಅಂದೆ,
ಅದೂ ಹದಿನೇಳನೇ ಸಲ.

ಹಳೇ ಡ್ರೈವರನ್ನು ಕಿತ್ತು ಹೊಸಬನನ್ನು ಕೂರಿಸಿದೆ.
ಡಿಪೋದಲ್ಲಿ ಇದು ಇಷ್ಟು ಸಲೀಸಲ್ಲ, ಯೂನಿಯನ್ನಿದೆ.
ಒಂದು ಕಡೆ ನಲವತ್ತೆಂಟು ಸಾವಿರ ಹರ್ಟ್ಸ್,
ಇನ್ನೊಂದು ಕಡೆ ನಲವತ್ನಾಲ್ಕು ಸಾವಿರದ ನೂರು,
ಹಲ್ಲು ಹೊಂದದ ಎರಡು ಗೇರು. ಒಂದೇ ಮಾಡಿದೆ.
ಮುಂದಿನ ಯುಎಸ್‌ಬಿ ಕಿಂಡಿಯಿಂದ ಕಿತ್ತು ಹಿಂದಿನದಕ್ಕೆ ಚುಚ್ಚಿದೆ.
ಬಫರ್ ಹಿಗ್ಗಿಸಿದೆ. ಕರೆಂಟು ಉಳಿಸುವ ಜಿಪುಣತನ ಬಿಡಿಸಿದೆ.
ರೀಸ್ ಕಳಿಸಿದ ಪುಟ್ಟ ಪ್ರೋಗ್ರಾಮೊಂದು
ಹಸಿರು ಗೀಟು ಎಳೆಯುತ್ತಾ ಕೂತಿತ್ತು ಸಂಜೆಯಿಡೀ;
ವೈಫೈ ಉಸಿರೆಳೆದಾಗಲೆಲ್ಲ ಕೆಂಪು.
ಆ ಕಾರ್ಡನ್ನೇ ತೆಗೆದು, ಬಾಗಿಲ ಸಂದಿಯಿಂದ
ನೀಲಿ ಕೇಬಲ್ ಎಳೆದು ತಂದಾಗ
ಟಿಕ್‌ಟಿಕ್ ನಿಂತಿತು.

ಲಟ್ ನಿಲ್ಲಲಿಲ್ಲ.

ವಾರದ ಪಾಳಿ ಪಟ್ಟಿಯ ಬೆನ್ನಿಗೆ ಬರೆದಿಟ್ಟೆ:
ಎಂಟೂ ಹತ್ತು. ಎಂಟೂ ಮೂವತ್ತೆರಡು. ಎಂಟೂ ಐವತ್ತನಾಲ್ಕು.
ಇದು ಕಂಪ್ಯೂಟರಿನ ಹೊತ್ತಲ್ಲ.
ಬೇರೆ ಯಾವುದೋ ಮೋಟಾರಿನ ಹೊತ್ತು.

ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಹಜರೇಸಾಬರು ಕಲಿಸಿದ್ದು:
ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೇಲೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ಕಣ್ಣ ಮುಚ್ಚವಾ. ಎಂಜಿನ್ನು ಸುಳ್ಳ ಹೇಳೂದಿಲ್ಲ,
ಗದ್ಲಾ ಮಾಡಾವ್ರು ನಾವ.

ಗೋಡೆಗೆ ಒತ್ತಿದೆ. ಎರಡು ಮನೆಗೆ ಒಂದೇ ಗೋಡೆ.
ಪೈಪಿನ ನೀರು. ಟೀವಿಯ ನಗು. ಯಾರೋ ಕೆಮ್ಮಿದ್ದು.
ಒಂಬತ್ತೂ ಹದಿನಾರಕ್ಕೆ
ಭಾರದ್ದೇನೋ ಮಲಗಿದ್ದಲ್ಲಿಂದ ಗುರ್ ಎಂದು ಎದ್ದಿತು,
ಮೇಜಿನ ಮೇಲೆ ಹೆಡ್‌ಫೋನು: ಲಟ್.

ಸ್ಟ್ಯಾಥರ್ಸ್ ಬಾಗಿಲು ತೆರೆದ. ಫ್ರಿಜ್ಜು ತೋರಿಸಿದ.
ಒಳಗೆ ಗಾಳಕ್ಕೆ ಹಾಕುವ ಹುಳುಗಳ ಡಬ್ಬಿ, ನಾಲ್ಕು ಬಿಯರು;
ಅಡುಗೆಮನೆಯ ಫ್ರಿಜ್ಜಿಗೆ ಹೆಂಡತಿ ಸೇರಿಸುವುದಿಲ್ಲವಂತೆ.
ಸ್ಟಾರ್ಟ್ ರಿಲೇ ಕರಕಾಗಿತ್ತು. ಹನ್ನೊಂದು ಪೌಂಡು.
ಕೊಡಲು ಬಂದ. ದುಡ್ಡು ಬೇಡವೆಂದು
ಬಿಯರು ಇಸಿದುಕೊಂಡೆ.

ಇವತ್ತು ಹಿಮ ಹಿಮದ ಹಾಗೇ ಕೇಳುತ್ತಿದೆ.
ಹೆದೆ ಬಿಗಿಯುವ ಕಿರ್ರು, ನನ್ನದೇ ಉಸಿರು,
ಎಲ್ಲೋ ಒಂದು ಕಾಗೆ.
ತೋಳದ ಪಾದ, ಒಂದೊಂದಾಗಿ ನಾಲ್ಕೂ, ಎಡಕ್ಕೆ, ಹಿಂದಿನಿಂದ.
ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು.
ತಿರುಗುವಷ್ಟರಲ್ಲಿ ಸತ್ತೆ.

ಏನಾಯ್ತು ಸಿಡ್, ಇನ್ನೂ ಸದ್ದೇ? ಅಂತಾನೆ ರೀಸ್.

ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿದೆ.
ಎಲ್ಲೂ ಡೊಂಕಿಲ್ಲ.